ಮಾತ್ರೆ ಇದೆ, ತರಲು ರಜೆ ಇಲ್ಲ



ಶುಗರ್, ಬಿ.ಪಿ., ಉಬ್ಬಸ, ಕಿಡ್ನಿ ತೊಂದರೆ ಇವೆಲ್ಲ ಜ್ವರದ ಹಾಗೆ ಬಂದು ಹೋಗುವ ಕಾಯಿಲೆಗಳಲ್ಲ. ದಿನಾ ಮಾತ್ರೆ ನುಂಗಬೇಕು, ಆಗಾಗ್ಗೆ ರಕ್ತಪರೀಕ್ಷೆ ಮಾಡಿಸಬೇಕು. ಒಂದು ಸಲ ಆಸ್ಪತ್ರೆಗೆ ಹೋಗಿಬಂದರೆ ಸಾಲದು, ತಿಂಗಳು ತಿಂಗಳೂ ಹೋಗುತ್ತಿರಬೇಕು. ಹಾಗೆ ಹೋಗಲು ಎಲ್ಲರಿಗೂ ಸಾಧ್ಯವಾಗುತ್ತಿದೆಯೇ?

ತಾರತಮ್ಯ ಅಂದ ಕೂಡಲೇ ಸಿಡುಕುವ ಸಿಬ್ಬಂದಿ, ಮುಟ್ಟದೆ ನೋಡುವ ಡಾಕ್ಟರು ನಮ್ಮ ನೆನಪಿಗೆ ಬರುತ್ತಾರೆ. ಆದರೆ ಯಾರೂ ಬೈಯದೆಯೂ ತಾರತಮ್ಯ ನಡೆಯುತ್ತದೆ. ನಿಯಮ, ಹಾಜರಿ ಪುಸ್ತಕ, ಲೆಕ್ಕದ ಸೂತ್ರ ಇವೇ ಆ ಕೆಲಸ ಮಾಡಿಬಿಡುತ್ತವೆ. ಇದನ್ನು ಸಾಂಸ್ಥಿಕ ತಾರತಮ್ಯ ಅನ್ನುತ್ತಾರೆ.

ಅಮೆರಿಕದ ಒಂದು ಉದಾಹರಣೆ ನೋಡಿ. ಅಲ್ಲಿ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಲೆಕ್ಕ ಹಾಕುವ ಸೂತ್ರದಲ್ಲಿ ಕಪ್ಪು ಜನರಿಗೆ ಶೇ. 16ರಷ್ಟು ಹೆಚ್ಚು ಅಂಕ ಸೇರಿಸುತ್ತಿದ್ದರು. ಕಿಡ್ನಿ ಕೆಟ್ಟಿದ್ದರೂ ಕಾಗದದ ಮೇಲೆ ಪರವಾಗಿಲ್ಲ ಎಂದೇ ಬರುತ್ತಿತ್ತು. ಇದರಿಂದ ಎಷ್ಟೋ ಜನರ ಹೆಸರು ಕಿಡ್ನಿ ಕಸಿಯ ಪಟ್ಟಿಗೆ ತಡವಾಗಿ ಸೇರಿತು. 2021ರಲ್ಲಿ ಜನಾಂಗದ ಲೆಕ್ಕ ಇಲ್ಲದ ಹೊಸ ಸೂತ್ರ ಬಂತು.

ನಮ್ಮಲ್ಲಿ ಈ ಮಾತು ಜಾತಿಗೆ ಬಂದು ನಿಲ್ಲುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ರಸ್ತೆ ಗುಡಿಸುವವರು ಯಾರು? ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು, ಅದರಲ್ಲೂ ಹೆಣ್ಣುಮಕ್ಕಳೇ ಹೆಚ್ಚು. ದಿನವೆಲ್ಲಾ ಧೂಳು ಕುಡಿಯುವ ಕೆಲಸ. ಬೀದಿಯಲ್ಲಿ ಶೌಚಾಲಯ ಇಲ್ಲವೆಂದು ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ಅದರಿಂದ ಮೂತ್ರದ ಸೋಂಕು ಹೆಚ್ಚುತ್ತದೆ. ಶುಗರ್ ಇದ್ದವರಿಗಂತೂ ಇನ್ನೂ ಕಷ್ಟ.

"ದಲಿತರಿಗೆ ಚಿಕಿತ್ಸೆ ಕಡಿಮೆ ಕೊಡಿ" ಎಂದು ಯಾವ ಆದೇಶದಲ್ಲೂ ಬರೆದಿಲ್ಲ. ಆದರೆ ಈ ಕೆಲಸವನ್ನು ವರ್ಷಗಟ್ಟಲೆ ಗುತ್ತಿಗೆಗೆ ಕೊಟ್ಟಿದ್ದರು. ಹಾಜರಿ ಇಲ್ಲದ ದಿನ ಕೂಲಿ ಇಲ್ಲ. ಶುಗರ್ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಹೋಗಬೇಕು, ಕೆಲಸವೂ ಬೆಳಿಗ್ಗೆಯೇ. "ಕೂಲಿ ಹೋಗುತ್ತಲ್ಲಾ, ಮುಂದಿನ ತಿಂಗಳು ನೋಡೋಣ" ಅಂದುಕೊಂಡರೆ ಕಾಯಿಲೆ ಸುಮ್ಮನಿರುತ್ತದೆಯೇ? ಕಾಲು, ಕಣ್ಣು, ಕಿಡ್ನಿಗೆ ಇಳಿಯುತ್ತದೆ.

ಇಎಸ್‌ಐನಲ್ಲೂ ಒಂದು ತೊಡಕಿದೆ. ಕಾಯಿಲೆ ರಜೆಗೆ ವರ್ಷಕ್ಕೆ 91 ದಿನಗಳವರೆಗೆ ಶೇ. 70ರಷ್ಟು ಸಂಬಳ ಸಿಗುತ್ತದೆ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಹಣ ಇಲ್ಲ. ತಿಂಗಳಿಗೆ ಒಂದು ದಿನ ಮಾತ್ರೆಗೆ ಹೋಗುವವರಿಗೆ ಇದರಿಂದ ಏನೂ ಸಿಗುವುದಿಲ್ಲ.

ಬದಲಾವಣೆಯೂ ಆಗಿದೆ. 2018ರಿಂದ ರಸ್ತೆ ಗುಡಿಸುವವರಿಗೆ ಪಾಲಿಕೆಯೇ ನೇರವಾಗಿ ಸಂಬಳ ಕೊಡತೊಡಗಿತು. 2022ರ ಜುಲೈನಲ್ಲಿ ಮುಷ್ಕರ ನಡೆಯಿತು. 2025ರ ಮೇ 1ರಂದು 12,692 ಮಂದಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಇದು ಯಾರೂ ಸುಮ್ಮನೆ ಕೊಟ್ಟ ದಾನವಲ್ಲ, ಒಟ್ಟಾಗಿ ಕೇಳಿ ಪಡೆದದ್ದು. ಆದರೆ ನೇರ ಸಂಬಳ ಬಂದಾಗಲೂ ಕಸದ ಆಟೋ ಚಾಲಕರು, ಲೋಡರ್‌ಗಳು ಗುತ್ತಿಗೆಯಲ್ಲೇ ಉಳಿದರು.

ನಾವೇನು ಮಾಡಬಹುದು?

1. ತಿಂಗಳ ಸಂಬಳ 21,000 ರೂ. ಒಳಗಿರುವ ಗುತ್ತಿಗೆ ಕೆಲಸದವರು ಇಎಸ್‌ಐ ಕಂತು ನೋಡಿಕೊಳ್ಳಿ. ನಿಮ್ಮ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ಸಂಬಳದಲ್ಲಿ ಹಿಡಿದು ಕಟ್ಟದಿದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋದಾಗ ಕಾರ್ಡ್ ನಡೆಯದೆ ಹೋಗಬಹುದು.

2. ಕ್ಷಯ, ಕ್ಯಾನ್ಸರ್ ಮುಂತಾದ ದೊಡ್ಡ ಕಾಯಿಲೆಗಳಿಗೆ, ಎರಡು ವರ್ಷ ಕೆಲಸ ಮಾಡಿದವರಿಗೆ, ಶೇ. 80ರ ದರದಲ್ಲಿ ಎರಡು ವರ್ಷದವರೆಗೆ ನೆರವು ಸಿಗುತ್ತದೆ. ಕೇಳದೆ ಬಿಡಬೇಡಿ.

3. ಹಾಜರಿ ಹಾಕುವ ಜಾಗದಲ್ಲೇ ಬಿ.ಪಿ., ಶುಗರ್ ತಪಾಸಣೆ, ತಿಂಗಳಿಗೆ ಒಂದು ದಿನ ಸಂಬಳ ಸಹಿತ ರಜೆ ಬೇಕೆಂದು ಸಂಘದಿಂದ ಮನವಿ ಕೊಡಿ. ಒಬ್ಬರೇ ಕೇಳಿದರೆ "ನಾಳೆ ಬಾ" ಅಂತಾರೆ, ಹತ್ತು ಜನ ಕೇಳಿದರೆ ಬರೆದುಕೊಳ್ಳುತ್ತಾರೆ.

ನಿಮ್ಮ ಬೀದಿ ಗುಡಿಸುವ ಅಕ್ಕನಿಗೆ ಒಂದು ಲೋಟ ನೀರು ಕೊಡಿ, ಮನೆಯ ಶೌಚಾಲಯ ಬಳಸಲು ಹೇಳಿ. ಈ ಲೇಖನವನ್ನು ಮುಂದಿನ ಸಂಘದ ಸಭೆಯಲ್ಲಿ ಓದಿ ಚರ್ಚಿಸಿ.