ಪ್ರಸಾದವೋ, ಕೇಸೋ? ಗಾಂಜಾ ನಿಷೇಧ ಮತ್ತು ಸಂಪ್ರದಾಯದ ಲೆಕ್ಕ

ಕಳೆದ ಸೆಮಿಸ್ಟರ್‌ನಲ್ಲಿ ಒಂದು ರಾತ್ರಿ ಹಾಸ್ಟೆಲ್ ಊಟ ಮುಗಿದ ಮೇಲೆ ವಾದ ಶುರುವಾಯ್ತು. "ನಮ್ಮ ಸಂಸ್ಕೃತಿ ಉಳಿಬೇಕಂದ್ರೆ ಗಾಂಜಾ ಬ್ಯಾನ್ ಇರಲೇಬೇಕು" ಅಂದ ಒಬ್ಬ. ಲಿಂಗಸುಗೂರಿನ ಗೆಳೆಯ ನಕ್ಕು, "ನಮ್ ಕಡಿ ಬಾರಲೇ, ಯಾವ ಸಂಸ್ಕೃತಿ ಅಂತ ತೋರಿಸ್ತೀನಿ" ಅಂದ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ಬಂದ ನಮಗೆ ಇದು ಬರೀ ಡಿಬೇಟ್ ಟಾಪಿಕ್ ಅಲ್ಲ. ಪಿಯುಸಿಯಲ್ಲಿ ನಮ್ಮ ಜೊತೆ ಓದಿದ ಹುಡುಗನೊಬ್ಬ ಸಣ್ಣ ಪೊಟ್ಟಣದ ಜೊತೆ ಸಿಕ್ಕಿಬಿದ್ದು ಇವತ್ತಿಗೂ ಕೋರ್ಟಿಗೆ ಅಲೆಯುತ್ತಿದ್ದಾನೆ. ಹಾಗಾಗಿ ಒಂದಿಷ್ಟು ಓದಿ, ಕೂತು ಯೋಚನೆ ಮಾಡಿದೆವು. ಪ್ರಶ್ನೆ ಇಷ್ಟೇ: ಸಂಪ್ರದಾಯವಾದಿ ಆದವನು ಗಾಂಜಾ ನಿಷೇಧವನ್ನು ಬೆಂಬಲಿಸಿದರೆ ಅದು ಅವನ ತತ್ವಕ್ಕೆ ಹೊಂದುತ್ತಾ?

ಮೊದಲು ಕಾನೂನು

1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಅಂದ್ರೆ ಗಿಡದ ಹೂ ಅಥವಾ ಕಾಯಿ ಬಿಡುವ ತುದಿ. ತುದಿಯಿಂದ ಬೇರೆಯಾದ ಎಲೆ, ಬೀಜ ಅದರಲ್ಲಿ ಬರಲ್ಲ. ಅದಕ್ಕೇ ಭಾಂಗ್ ಈ ಕಾಯ್ದೆಯಡಿ ನಿಷೇಧಿತವಲ್ಲ ಅಂತ ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಜಾಮೀನು ಪ್ರಕರಣದಲ್ಲಿ ಹೇಳಿತು. ಗಿಡ ಒಂದೇ, ಭಾಗ ಬೇರೆ, ಕಾನೂನು ಬೇರೆ!

1 ಕೆಜಿವರೆಗೆ ಇದ್ದರೆ 'ಸಣ್ಣ ಪ್ರಮಾಣ': 1 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕೆಜಿ ದಾಟಿದರೆ ಕನಿಷ್ಠ 10 ವರ್ಷ. ಗಿಡ ಬೆಳೆದರೆ 10 ವರ್ಷದವರೆಗೆ. ಹತ್ತಿ, ತೊಗರಿ ಸಾಲಿನ ನಡುವೆ ಗಾಂಜಾ ಗಿಡ ಸಿಕ್ತು ಅನ್ನೋ ಸುದ್ದಿ ನಮ್ಮ ಕಡೆ ಹೊಸದಲ್ಲ. ಆ ಸಾಲಿನ ಬೆಲೆ ಇಷ್ಟು ಅಂತ ಎಷ್ಟು ರೈತರಿಗೆ ಗೊತ್ತು?

ಸಂಪ್ರದಾಯ ಯಾವುದು?

ಲಿಂಗಸುಗೂರಿನಿಂದ ಸುರಪುರದ ಕಡೆ ಹೋದರೆ ಕೃಷ್ಣಾ ನದಿ ದಾಟಬೇಕು. ಅಲ್ಲೇ ತಿಂಥಿಣಿ ಮೌನೇಶ್ವರ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಜಾಗ. ಅಲ್ಲಿ ಜಾತ್ರೆಯಲ್ಲಿ ಭಕ್ತರಿಗೆ ಗಾಂಜಾ ಪ್ರಸಾದವಾಗಿ ಸಿಗುತ್ತೆ, ಶರಣ, ಅವಧೂತ, ಆರೂಢ ಪರಂಪರೆಯ ಕೆಲವರು ಧ್ಯಾನಕ್ಕೆ ಅಂತ ಬಳಸ್ತಾರೆ ಎಂದು 2020ರಲ್ಲಿ ಪತ್ರಿಕೆಗಳು ಬರೆದವು. ಬೆಂಗಳೂರಿನ ಸಿನಿಮಾ ಮಂದಿಯ ಡ್ರಗ್ಸ್ ಕೇಸ್ ಟಿವಿ ತುಂಬಾ ಓಡುತ್ತಿದ್ದ ಸಮಯವದು.

ಇತಿಹಾಸವೂ ಹೀಗೇ ಇದೆ. ಬ್ರಿಟಿಷರು 1893ರಲ್ಲಿ ನೇಮಿಸಿದ ಆಯೋಗ, ಮಿತ ಬಳಕೆಯಿಂದ ದೊಡ್ಡ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಲೈಸೆನ್ಸ್ ಸಾಕು ಅಂದಿತು. 1961ರ ಅಂತಾರಾಷ್ಟ್ರೀಯ ಒಪ್ಪಂದದ ನಂತರ, 1985ರಲ್ಲಿ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂತು. ಅಂದ್ರೆ ಇಲ್ಲಿ ಹಳೆಯದು ಬಳಕೆ, ಹೊಸದು ನಿಷೇಧ.

ಹಾಗಾದ್ರೆ ಸಂಪ್ರದಾಯವಾದಿ ಏನನ್ನಬೇಕು?

ಸಂಪ್ರದಾಯವಾದ ಅಂದ್ರೆ ಹಳೆಯದೆಲ್ಲ ಸರಿ ಅನ್ನೋದಲ್ಲ. ಎಡ್ಮಂಡ್ ಬರ್ಕ್ 1790ರಲ್ಲಿ ಬರೆದದ್ದರ ಸಾರ: ತಲೆಮಾರುಗಳಿಂದ ಬೆಳೆದ ವ್ಯವಸ್ಥೆಯನ್ನು ಕಾಗದದ ಮೇಲಿನ ಪ್ಲಾನ್ ಹಿಡಿದು ಒಮ್ಮೆಲೇ ಕೆಡವಬೇಡಿ. ಸರ್ಕಾರ ಮಿತಿಯಲ್ಲಿರಲಿ, ಮನೆ ಮತ್ತು ಊರು ತಮ್ಮ ಮಕ್ಕಳನ್ನು ತಾವೇ ತಿದ್ದಲಿ ಅನ್ನೋದೂ ಇದೇ ಪಂಥದ ಮಾತು. ಅಮೆರಿಕದ ಸಂಪ್ರದಾಯವಾದಿ ಪತ್ರಿಕೆ ನ್ಯಾಷನಲ್ ರಿವ್ಯೂ 1996ರಲ್ಲೇ ಡ್ರಗ್ಸ್ ಮೇಲಿನ ಯುದ್ಧ ಸೋತಿದೆ ಅಂತ ಬರೆಯಿತು.

ಆದ್ರೆ ಇನ್ನೊಂದು ಕಡೆಯೂ ಗಟ್ಟಿ ಇದೆ. ಅದೇ ಪಂಥದ ಜೇಮ್ಸ್ ಕ್ಯೂ. ವಿಲ್ಸನ್, ಚಟ ಮನುಷ್ಯನ ನಡತೆಯನ್ನೇ ಕೆಡಿಸುತ್ತೆ, ಕಾನೂನು ಸಡಿಲ ಮಾಡಿದರೆ ಬಳಸುವವರು ಹೆಚ್ತಾರೆ ಅಂತ ವಾದಿಸಿದರು. ಶಿಸ್ತು, ಕುಟುಂಬ ಮುಖ್ಯ ಅನ್ನುವವನು ಇದನ್ನು ತಳ್ಳಿಹಾಕೋಕಾಗಲ್ಲ.

ನಮಗೆ ಮುಖ್ಯ ಅನಿಸಿದ್ದು ಬೇರೆ. ಜಾತ್ರೆಯ ಚಿಲುಮೆಗೆ ಒಂದು ಮಿತಿ ಇತ್ತು: ಜಾಗ ಗೊತ್ತು, ದಿನ ಗೊತ್ತು, ನೋಡೋಕೆ ಹಿರಿಯರಿದ್ದರು. ಬಸ್ ಸ್ಟ್ಯಾಂಡ್ ಹಿಂದೆ ಮಾರುವ ಪೊಟ್ಟಣಕ್ಕೆ ಯಾವ ಅಜ್ಜಾರೂ ಇಲ್ಲ. ಹಾಗಾಗಿ "ಮಠದಲ್ಲಿ ಇತ್ತಲ್ಲ" ಅಂತ ಹಾಸ್ಟೆಲ್ ಟೆರೇಸಿನಲ್ಲಿ ಸೇದೋದು ಸಂಪ್ರದಾಯ ಅಲ್ಲ. ನಾಳೆ ಲೈಸೆನ್ಸ್ ಅಂಗಡಿ ತೆರೆದರೂ ಆ ಮಿತಿ ತಾನಾಗೇ ವಾಪಸ್ ಬರಲ್ಲ.

ಮಸ್ಕಿಯ ಕಲ್ಲು

1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಕಂಡವರು ಸಿ. ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್. ಅದೇ ಅಶೋಕ ತನ್ನ ಏಳನೇ ಸ್ತಂಭ ಶಾಸನದಲ್ಲಿ, ಜನ ಧರ್ಮದಲ್ಲಿ ಬೆಳೆಯೋದು ಕಟ್ಟಳೆಯಿಂದ ಕಡಿಮೆ, ಮನವೊಲಿಕೆಯಿಂದ ಹೆಚ್ಚು ಅಂತ ಬರೆಸಿದ್ದಾನೆ. ಕಟ್ಟಳೆ ಬೇಡ ಅಂದಿಲ್ಲ. ಅದರ ಶಕ್ತಿ ಎಷ್ಟು ಅಂತ ಹೇಳಿದ್ದಾನೆ.

ನಾವು ತಲುಪಿದ ಉತ್ತರವೂ ಅಲ್ಲೇ. ಮಾರಾಟದ ಜಾಲವನ್ನು ತಡೆಯೋದು ಸಂಪ್ರದಾಯವಾದಕ್ಕೆ ಹೊಂದುತ್ತೆ. ಆದ್ರೆ ಒಂದು ಪೊಟ್ಟಣಕ್ಕೆ ಹತ್ತೊಂಬತ್ತರ ಹುಡುಗನನ್ನು ಮನೆ, ಊರಿನ ಕೈಯಿಂದ ಕಿತ್ತು ಜೈಲಿನ ಕೈಗೆ ಕೊಡೋದು ಹೊಂದಲ್ಲ. ಅವನನ್ನು ತಿದ್ದೋ ಮೊದಲ ಹಕ್ಕು ಮನೆಯವರದ್ದು ಅಂತ ಆ ತತ್ವವೇ ಹೇಳುತ್ತೆ.

ಕಾನೂನು ಬದಲಾಗೋವರೆಗೆ ಅದು ಕಾನೂನೇ, ಕೈಗೆ ತಗೋಬೇಡಿ. ಚಟಕ್ಕೆ ಬಿದ್ದ ಗೆಳೆಯ ಇದ್ದರೆ ಇದೊಂದು ಗೊತ್ತಿರಲಿ: ತಾನಾಗಿ ಚಿಕಿತ್ಸೆಗೆ ಹೋಗುವ ವ್ಯಸನಿಗೆ, ಬಳಕೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತೆ. ನಮ್ಮ ಪಿಯುಸಿ ಗೆಳೆಯನಿಗೆ ಇದನ್ನು ಮೊದಲೇ ಹೇಳೋರು ಯಾರೂ ಇರಲಿಲ್ಲ. ನಮಗೂ ಆಗ ಗೊತ್ತಿರಲಿಲ್ಲ.