ಚೆಂಡು ಮತ್ತು ಚಪ್ಪರ

ಸಂಗೀತ ಕೇಳುವವರು ಬೇರೆ, ಕ್ರಿಕೆಟ್ ನೋಡುವವರು ಬೇರೆ ಎಂದು ಭಾವಿಸುವುದು ನಮ್ಮಲ್ಲಿ ವಾಡಿಕೆ. ಮೊದಲಿನವರು ತೊಡೆಯ ಮೇಲೆ ತಾಳ ಹಾಕುತ್ತ ತಲೆದೂಗುವ ಸಾಧುಗಳು. ಎರಡನೆಯವರು ಬಿಸಿಲಿನಲ್ಲಿ ಕುಳಿತು ಕೂಗುವ ಗಲಾಟೆಯವರು. ಆದರೆ ಬೆಂಗಳೂರಿನಲ್ಲಿ ಈ ಎರಡು ಪಂಗಡಗಳನ್ನೂ ಸಾಕಿದ್ದು ಬಯಲು ನೆಲವೇ. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನವನ್ನು ನೆನೆದಾಗಲೆಲ್ಲ ನನಗೆ ಈ ವಿಚಾರ ಹೊಳೆಯುತ್ತದೆ.

ಶಾಲೆಯ ಮೈದಾನ ಹುಡುಗರದು. ಆದರೆ ರಾಮನವಮಿ ಬಂತೆಂದರೆ ಅಲ್ಲಿ ಚಪ್ಪರ ಏಳುತ್ತಿತ್ತು. 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾಯರು ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವ ಈ ನೆಲಕ್ಕೆ ನಾಡಿನಾಚೆಯೂ ಹೆಸರು ತಂದಿತು. ಎಂ. ಎಸ್. ಸುಬ್ಬುಲಕ್ಷ್ಮಿಯವರಂಥವರು ಹಾಡಿದ ವೇದಿಕೆ ಅದು. ಆದರೆ ಕಲಾವಿದರ ಹಿರಿಮೆಯಷ್ಟೇ ನನ್ನ ಮನಸ್ಸನ್ನು ಸೆಳೆದದ್ದು ಬೇಲಿಯ ಹೊರಗಣ ಶ್ರೋತೃಗಳು. ಟಿಕೀಟು ಕೊಂಡವರು ಒಳಗೆ. ಕೊಳ್ಳಲಾರದವರು ರಸ್ತೆಯ ಬದಿಯಲ್ಲಿ, ಸೈಕಲ್ಲಿಗೆ ಒರಗಿ. ಧ್ವನಿವರ್ಧಕ ಮಾತ್ರ ಎಂದೂ ಪಂಕ್ತಿಭೇದ ಮಾಡಲಿಲ್ಲ.

ಇದನ್ನೇ ಹುಡುಗನ ಕಡೆಯಿಂದ ನೋಡಿದರೆ ಕಥೆ ಬೇರೆ. ರಜೆ ಬರುವುದೂ ಬೇಸಗೆಯಲ್ಲಿ, ಚಪ್ಪರ ಏಳುವುದೂ ಬೇಸಗೆಯಲ್ಲಿ. ತ್ಯಾಗರಾಜರ ಕೃತಿಗಳಲ್ಲಿ ನನಗೆ ಎಷ್ಟೇ ಭಕ್ತಿಯಿದ್ದರೂ, ಬ್ಯಾಟು ಹಿಡಿದು ನಿಂತ ಹತ್ತು ವರ್ಷದ ಪೋರನ ಮುಂದೆ ನನ್ನ ವಾದ ನಿಲ್ಲದು. ಅವನಿಗೆ ಆ ನೆಲ ಇಂದೇ ಬೇಕು. ಮುಂದಿನ ವರ್ಷ ಬಾ ಎಂದು ಬಾಲ್ಯಕ್ಕೆ ಹೇಳಲಾಗುವುದಿಲ್ಲ.

ಅವನ ಆಟವೇನೂ ಅಲ್ಪವಲ್ಲ. ಸತತವಾಗಿ 15 ವರ್ಷ ರಣಜಿ ಪಾರಿತೋಷಕವನ್ನು ಕೈಬಿಡದಿದ್ದ ಮುಂಬಯಿಯನ್ನು 1974ರಲ್ಲಿ ಬೆಂಗಳೂರಿನಲ್ಲೇ ಹಿಂದೆ ಹಾಕಿ, ಕರ್ನಾಟಕ ಆ ಸಲ ಪ್ರಶಸ್ತಿ ಗೆದ್ದಿತು. ಆ ಗೆಲುವನ್ನು ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಅವರ ಪ್ರತಿಭೆಗೆ ಒಪ್ಪಿಸಿ ನಾವು ಸುಮ್ಮನಾಗುತ್ತೇವೆ. ಪ್ರತಿಭೆಗೂ ಕಾಲೂರಲು ನೆಲ ಬೇಕಷ್ಟೆ. ಒಂದೇ ಪಲ್ಲವಿಯನ್ನು ಸಂಗತಿಯ ಮೇಲೆ ಸಂಗತಿಯಾಗಿ ಬೆಳೆಸುವ ಗಾಯಕನಿಗೂ, ಒಂದೇ ಚೆಂಡನ್ನು ಸಲಕ್ಕೊಂದು ಬಗೆಯಲ್ಲಿ ಗಾಳಿಯಲ್ಲಿ ತೇಲಿಬಿಡುತ್ತಿದ್ದ ಪ್ರಸನ್ನರಿಗೂ ನಡುವೆ ನನಗೆ ಹೆಚ್ಚು ಅಂತರ ಕಾಣುವುದಿಲ್ಲ. ಇಬ್ಬರನ್ನೂ ಬೆಳೆಸಿದ್ದು ಸಾಧನೆ. ಇಬ್ಬರನ್ನೂ ಸವಿಯಲು ಬೇಕಾದದ್ದು ತಾಳ್ಮೆ.

ಆದುದರಿಂದ ಚೆಂಡಿಗೂ ಚಪ್ಪರಕ್ಕೂ ಇರುವ ಜಗಳ ಅಣ್ಣತಮ್ಮಂದಿರ ಜಗಳ. ಚಪ್ಪರ ಬಿಚ್ಚಿದ ಮೇಲೆ ಉಳಿಯುವುದು ಗಳುಗಳ ಗುಳಿ ಮಾತ್ರ. ಎರಡು ಬುಟ್ಟಿ ಮಣ್ಣಿನಿಂದ ಅದು ತುಂಬೀತು. ಆದರೆ ಮೈದಾನವೆಂದರೆ ಇನ್ನೂ ಕಟ್ಟಡ ಏಳದ ನಿವೇಶನ ಎಂದು ತಿಳಿಯುವವರು ಊರಲ್ಲಿ ಹೆಚ್ಚಾದರೆ, ಆಗ ಚೆಂಡಿಗೂ ಜಾಗವಿಲ್ಲ, ತಂಬೂರಿಗೂ ಜಾಗವಿಲ್ಲ. ಉದ್ಯಾನ, ಆಟದ ಬಯಲು, ತೆರೆದ ಸ್ಥಳಗಳನ್ನು ಕಾಪಾಡಲೆಂದು 1985ರಲ್ಲಿ ರಾಜ್ಯವು ಒಂದು ಕಾಯಿದೆಯನ್ನೇ ಮಾಡಿತು. ಕಾಯಿದೆಯೊಂದೇ ಸಾಲದು, ಈ ನೆಲ ನಮ್ಮದು ಎಂದು ಎದ್ದು ಹೇಳುವ ಜನ ಬೇಕು. ಹಾಗೆ ಹೇಳಬೇಕಾದರೆ ಅವರು ಚಿಕ್ಕಂದಿನಲ್ಲಿ ಅಲ್ಲಿ ಮೊಣಕಾಲು ತರಚಿಕೊಂಡಿರಬೇಕು, ಇಲ್ಲವೆ ಬೇಲಿಯಾಚೆ ನಿಂತು ಒಂದು ತೋಡಿಯನ್ನೋ ಕಲ್ಯಾಣಿಯನ್ನೋ ಕೇಳಿರಬೇಕು.

ಉತ್ಸವ ನಡೆಸುವವರಲ್ಲಿ ನನ್ನದೊಂದು ಅರಿಕೆ: ಎಲ್ಲಿಯೇ ಚಪ್ಪರ ಕಟ್ಟಲಿ, ಮೈದಾನದ ಒಂದು ಮೂಲೆಯನ್ನು ಹುಡುಗರಿಗೆ ಬಿಡಲಿ. ಸಂಜೆ ತಂಬೂರಿ ಶ್ರುತಿಗೊಳ್ಳುವ ಹೊತ್ತಿಗೆ ಹುಡುಗರು ವಿಕೆಟ್ ಕಿತ್ತುಕೊಳ್ಳಲಿ. ಅವರಲ್ಲಿ ಒಬ್ಬಿಬ್ಬರು ಬ್ಯಾಟನ್ನು ಕಂಕುಳಲ್ಲಿಟ್ಟುಕೊಂಡು ಹಾಗೆಯೇ ನಿಂತು ಕೇಳಿಯಾರು.