ಪಾಲಕ್-ಬಟಾಟಿ ಪಲ್ಯವೂ ಕಬ್ಬಿಣದ ಲೆಕ್ಕವೂ

ಮಗಳಿಗೆ ರಕ್ತ ಕಡಿಮೆ ಇದೆಯೆಂದು ಡಾಕ್ಟರು ಹೇಳಿದ ದಿನ ಸಂಜೆಯೇ ಮನೆಗೆ ಎರಡು ಪೆಂಡಿ ಪಾಲಕ್ ಬರುತ್ತದೆ. ಅರಕೇರಿಯಲ್ಲೂ ಹೀಗೆಯೇ, ತಿಕೋಟಾದಲ್ಲೂ ಹೀಗೆಯೇ, ವಿಜಯಪುರದ ಪೇಟೆಯಲ್ಲೂ ಹೀಗೆಯೇ. "ಪಾಲಕ್ ತಿಂದ್ರ ರಕ್ತ ಆಗತೈತಿ, ಹೌದಲ್ರಿ ಸರ್?" ಎಂದು ಪಾಲಕರ ಸಭೆಗೆ ಬಂದ ತಾಯಂದಿರು ಕೇಳುವುದುಂಟು. ಹೌದು ಎಂದರೂ ಪೂರ್ತಿ ನಿಜವಲ್ಲ, ಅಲ್ಲ ಎಂದರೂ ಪೂರ್ತಿ ನಿಜವಲ್ಲ. ಉತ್ತರ ಬರಿಯ ಸೊಪ್ಪಿನಲ್ಲಿಲ್ಲ. ಅದನ್ನು ಹೇಗೆ ಬೇಯಿಸಿದಿರಿ, ಯಾವುದರ ಜೊತೆ ಉಂಡಿರಿ, ಉಂಡ ಮೇಲೆ ಏನು ಕುಡಿದಿರಿ ಎಂಬುದರಲ್ಲಿದೆ.

ಪ್ರಶ್ನೆ ಸಣ್ಣದಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ನೂರು ಮಹಿಳೆಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ತರಗತಿಯಲ್ಲಿ ಎರಡನೆಯ ಅವಧಿಗೇ ತೂಕಡಿಸುವ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹುಡುಗಿಗೆ 'ಸೋಮಾರಿ' ಎಂಬ ಬಿರುದು ಕೊಡುವ ಮೊದಲು ಈ ಅಂಕಿಯನ್ನು ನೆನೆಯಬೇಕು.

ಮೊದಲು ಲೆಕ್ಕ ನೋಡೋಣ. ನೂರು ಗ್ರಾಂ ಹಸಿ ಪಾಲಕ್‌ನಲ್ಲಿ ಇರುವ ಕಬ್ಬಿಣ ಸುಮಾರು 3 ಮಿಲಿಗ್ರಾಂ. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಅಂದರೆ ನೂರು ಗ್ರಾಂ ಸೊಪ್ಪು ತಿಂದರೂ ಹತ್ತನೆಯ ಒಂದು ಪಾಲು ಮಾತ್ರ! ಹಾಗಾದರೆ ಪಾಲಕ್‌ಗೆ ಇಷ್ಟೊಂದು ಹೆಸರು ಬಂದದ್ದೆಲ್ಲಿಂದ?

ಇದಕ್ಕೊಂದು ಕಥೆ ಇದೆ. ಹಿಂದೆ ಜರ್ಮನಿಯ ರಸಾಯನಶಾಸ್ತ್ರಜ್ಞರೊಬ್ಬರು ದಶಮಾಂಶ ಬಿಂದುವನ್ನು ತಪ್ಪು ಜಾಗದಲ್ಲಿಟ್ಟು ಪಾಲಕ್‌ನ ಕಬ್ಬಿಣವನ್ನು ಹತ್ತು ಪಟ್ಟು ಮಾಡಿದರಂತೆ, ಅದನ್ನು ನಂಬಿಯೇ ಪಾಪಾಯ್ ಎಂಬ ಕಾರ್ಟೂನಿನ ನಾವಿಕ ಡಬ್ಬಿಗಟ್ಟಲೆ ಪಾಲಕ್ ತಿಂದನಂತೆ. 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹ್ಯಾಂಬ್ಲಿನ್ ಎಂಬ ವೈದ್ಯರು ಬರೆದ ಮೇಲೆ ಈ ಕಥೆ ಲೋಕವೆಲ್ಲ ಹರಡಿತು. ನಮ್ಮಲ್ಲಿ ಗಣಿತದ ಮಾಸ್ತರರಿಗೂ ಇದು ಬಲು ಪ್ರಿಯ. ಆದರೆ 2010ರಲ್ಲಿ ಮೈಕ್ ಸಟನ್ ಎಂಬ ವಿದ್ವಾಂಸರು ಹಳೆಯ ಕಾಗದಪತ್ರಗಳನ್ನೆಲ್ಲ ಕೆದಕಿ ನೋಡಿದಾಗ ಆ ದಶಮಾಂಶದ ತಪ್ಪಿಗೆ ಆಧಾರವೇ ಸಿಗಲಿಲ್ಲ! 1932ರ ಚಿತ್ರಪಟ್ಟಿಯಲ್ಲಿ ಪಾಪಾಯ್ ತಾನೇ ಹೇಳಿಕೊಂಡಿದ್ದು ಪಾಲಕ್‌ನ ಜೀವಸತ್ವ 'ಎ' ಬಗ್ಗೆ, ಕಬ್ಬಿಣದ ಬಗ್ಗೆ ಅಲ್ಲ. ವಿದ್ಯಾರ್ಥಿಗಳು ಗಮನಿಸಬೇಕಾದ್ದು ಇನ್ನೊಂದಿದೆ. ಹಸಿ ಪಾಲಕ್‌ನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಅದನ್ನೇ ಒಣಗಿಸಿ ಪುಡಿ ಮಾಡಿ ತೂಗಿದರೆ ನೂರು ಗ್ರಾಂನಲ್ಲಿ ಹತ್ತು ಪಟ್ಟಿಗೂ ಹೆಚ್ಚು ಕಬ್ಬಿಣ ಕಾಣುತ್ತದೆ. ಆದ್ದರಿಂದ ಯಾರಾದರೂ 'ನೂರು ಗ್ರಾಂನಲ್ಲಿ ಇಷ್ಟು' ಎಂದರೆ, ಹಸಿಯದೋ ಒಣಗಿದ್ದೋ ಎಂದು ಕೇಳಿ.

ಈಗ ಊಟದ ತಾಟನ್ನು ಒಟ್ಟಾಗಿ ನೋಡಿ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣವಿದೆ, ಸಜ್ಜೆಯಲ್ಲಿ 6ರಷ್ಟು. ಪಾಲಕ್ ಪಲ್ಯದ ಜೊತೆ ಎರಡು ರೊಟ್ಟಿ ಉಂಡರೆ ಹೆಚ್ಚು ಕಬ್ಬಿಣ ಕೊಡುವುದು ಪಲ್ಯವಲ್ಲ, ರೊಟ್ಟಿ! ಆದರೆ ರೊಟ್ಟಿಯ ಕಬ್ಬಿಣಕ್ಕೆ ಫೈಟೇಟ್ ಎಂಬ ವಸ್ತು ಅಂಟಿಕೊಂಡಿರುತ್ತದೆ, ಪಾಲಕ್‌ಗೆ ಬೇರೆ ಅಡ್ಡಿಗಳಿವೆ. ಸಸ್ಯಾಹಾರದ ಕಬ್ಬಿಣದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ, ಉಳಿದದ್ದು ಬಂದ ದಾರಿಗೆ ಸುಂಕವಿಲ್ಲದೆ ಹೊರಟುಹೋಗುತ್ತದೆ.

ಇಲ್ಲಿಯೇ ನಿಂಬೆಹಣ್ಣಿನ ಕೆಲಸ ಶುರುವಾಗುವುದು. ಆಹಾರದ ಕಬ್ಬಿಣ ಹೆಚ್ಚಾಗಿ ಫೆರಿಕ್ ರೂಪದಲ್ಲಿರುತ್ತದೆ, ಕರುಳು ಅದನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳದು. ಜೀವಸತ್ವ 'ಸಿ' ಒಂದು ಎಲೆಕ್ಟ್ರಾನ್ ದಾನ ಮಾಡಿ ಫೆರಿಕ್ಕನ್ನು ಫೆರಸ್ ಮಾಡುತ್ತದೆ. ಹತ್ತನೆಯ ತರಗತಿಯ ಪುಸ್ತಕದಲ್ಲಿ ಉತ್ಕರ್ಷಣ-ಅಪಕರ್ಷಣ ಎಂದು ಬಾಯಿಪಾಠ ಮಾಡುತ್ತೀರಲ್ಲ, ಅದು ನಿಮ್ಮ ಹೊಟ್ಟೆಯಲ್ಲೇ ನಡೆಯುತ್ತಿರುತ್ತದೆ. ವಿಶೇಷವೆಂದರೆ ಈ ನಿಂಬೆ ಪಲ್ಯದ ಕಬ್ಬಿಣಕ್ಕಷ್ಟೇ ಅಲ್ಲ, ಅದೇ ಊಟದ ರೊಟ್ಟಿಯ ಕಬ್ಬಿಣಕ್ಕೂ ನೆರವಾಗುತ್ತದೆ. ನಮ್ಮ ಜಿಲ್ಲೆಯ ಇಂಡಿ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದನ್ನು ಬರೀ ಶರಬತ್ತು, ಉಪ್ಪಿನಕಾಯಿಗೆ ಮೀಸಲಿಡುವುದೇಕೆ? ಆದರೂ ಒಂದು ಹೋಳು ನಿಂಬೆಯಲ್ಲಿ ಜೀವಸತ್ವ 'ಸಿ' ಐದಾರು ಮಿಲಿಗ್ರಾಂ ಇದ್ದರೆ ಹೆಚ್ಚು. ಪೇರಲ ಹಣ್ಣಿನ ನೂರು ಗ್ರಾಂನಲ್ಲಿ 200ಕ್ಕೂ ಮೇಲೆ! ಪೇರಲದ ಕಾಲದಲ್ಲಿ ಊಟದ ಜೊತೆ ಅರ್ಧ ಹಣ್ಣು ತಿನ್ನುವ ಹುಡುಗಿ ನಿಂಬೆಯವಳಿಗಿಂತ ಜಾಣೆ.

ಪನೀರು ಯಾಕೆ ಬೇಡ?

ಸೊಲ್ಲಾಪುರ ರಸ್ತೆಯ ಧಾಬಾಗಳಲ್ಲಿ ಪಾಲಕ್ ಎಂದರೆ ಪಾಲಕ್ ಪನೀರು, ಮೇಲೆ ಬೆಣ್ಣೆ, ಕೆನೆ. ರುಚಿಗೆ ನನ್ನ ತಕರಾರಿಲ್ಲ. ಆದರೆ ಪನೀರಿನಲ್ಲಿ ಕಬ್ಬಿಣ ತೀರ ಅಲ್ಪ, ಅದರ ಕ್ಯಾಲ್ಸಿಯಂ ಅದೇ ಊಟದ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಹಾಲು, ಮೊಸರು, ತುಪ್ಪ ಯಾವುದೂ ಇಲ್ಲದ ಅಡುಗೆಗೆ ಈಗ 'ವೀಗನ್' ಎನ್ನುತ್ತಾರೆ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಚಲಾವಣೆಗೆ ತಂದ ಪದವಿದು. ನಮ್ಮ ಹಳ್ಳಿಯ ಪಲ್ಯಗಳಿಗೆ ಆ ಹೆಸರು ಹೊಸದು, ಸಂಗತಿ ಹಳೆಯದು. ಕೆನೆಯ ಜಾಗದಲ್ಲಿ ನಮ್ಮವರು ಹಾಕುವುದು ಹುರಿದ ಶೇಂಗಾ ಪುಡಿ. ಅದರ ಎಣ್ಣೆಯಂಶ ಪಾಲಕ್‌ನ ಕೆರೋಟಿನ್ ಮೈಗೆ ಹತ್ತಲು ಸಹಾಯಕ. ಕೆರೋಟಿನ್‌ನಿಂದಲೇ ಜೀವಸತ್ವ 'ಎ' ಆಗುವುದು, ಪಾಪಾಯ್ ಹೇಳಿದ್ದು ಅದನ್ನೇ.

ಹಾಗೆಂದು ಮಕ್ಕಳಿಗೆ ಹಾಲು-ಮೊಸರು ಬಿಡಿಸಿಬಿಡಿ ಎಂದು ಯಾರೂ ತಿಳಿಯಬಾರದು. ಅವು ಬೇರೆ ಹೊತ್ತಿಗಿರಲಿ, ಅಷ್ಟೇ. ಹೈನನ್ನು ಪೂರ್ತಿ ಬಿಟ್ಟವರಿಗೆ ಜೀವಸತ್ವ 'ಬಿ 12' ಸಿಗದೆ ಇನ್ನೊಂದು ಬಗೆಯ ರಕ್ತಹೀನತೆ ಬರುತ್ತದೆ. ಅಂಥವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು.

ಒಲೆಯ ಮುಂದೆ

ನಾಲ್ಕು ಮಂದಿಗೆ ಕಾಲು ಕಿಲೊ ಪಾಲಕ್, ಮೂರು ನಡುಗಾತ್ರದ ಬಟಾಟಿ, ಒಂದು ಉಳ್ಳಾಗಡ್ಡಿ, ಆರೇಳು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ, ಒಂದು ಟೊಮೆಟೊ, ಎರಡು ಚಮಚ ಶೇಂಗಾ ಪುಡಿ, ಜೀರಿಗೆ, ಅರಿಷಿಣ, ಉಪ್ಪು, ಬೇಕಾದರೆ ಅರ್ಧ ಚಮಚ ಮಸಾಲೆ ಖಾರ. ಎಣ್ಣೆ ಎರಡು ಚಮಚ ಸಾಕು. ಕುಸುಬಿ ಎಣ್ಣೆ ಸಿಕ್ಕರೆ ನಮ್ಮ ಕಡೆಯ ರುಚಿ ಬರುತ್ತದೆ.

ಬಟಾಟಿ ಕೊಳ್ಳುವಾಗಲೇ ಕಣ್ಣಿಟ್ಟು ನೋಡಿ. ಸಿಪ್ಪೆ ಹಸಿರಾಗಿದ್ದರೆ ಸೋಲನೈನ್ ಎಂಬ ವಿಷ ಸೇರಿರುವ ಸೂಚನೆ, ಕುದಿಸಿದರೂ ಅದು ನಾಶವಾಗದು. ಪೂರ್ತಿ ಹಸಿರಾದದ್ದನ್ನು ತಿಪ್ಪೆಗೆ ಹಾಕಿ. ಅಂದಹಾಗೆ, ಬೆಂಗಳೂರಿನವರ ಆಲೂಗಡ್ಡೆ ನಮ್ಮಲ್ಲಿ ಬಟಾಟಿ ಆದದ್ದು ಪೋರ್ಚುಗೀಸರ 'ಬಟಾಟ'ದಿಂದ. 1510ರಲ್ಲಿ ಬಿಜಾಪುರದ ಆದಿಲಶಾಹಿಗಳ ಕೈಯಿಂದ ಗೋವಾ ಕಿತ್ತುಕೊಂಡವರು ಅವರೇ. ದಕ್ಷಿಣ ಅಮೆರಿಕದ ಗಡ್ಡೆ ನಮ್ಮ ರೊಟ್ಟಿಯ ಪಕ್ಕಕ್ಕೆ ಬಂದದ್ದು ಹಾಗೆ. ಮೆಣಸಿನಕಾಯಿ, ಟೊಮೆಟೊ, ಶೇಂಗಾ ಕೂಡ ಆ ಖಂಡಗಳವೇ. ಈ ಪಲ್ಯದಿಂದ ಅಮೆರಿಕವನ್ನು ತೆಗೆದರೆ ಉಳಿಯುವುದು ಸೊಪ್ಪು ಮತ್ತು ಒಗ್ಗರಣೆ! ಇನ್ನು ಸೊಪ್ಪು: ನಮ್ಮ ಸಂತೆಯ ಪಾಲಕ್ ಹೆಚ್ಚಾಗಿ ಬೀಟ್‌ರೂಟಿನ ಹತ್ತಿರದ ನೆಂಟ, ಪಾಪಾಯ್ ತಿಂದದ್ದು ಅದೇ ಕುಟುಂಬದ ಬೇರೆ ಗಿಡ.

ಕಬ್ಬಿಣದ ಕಡಾಯಿ ಇದ್ದರೆ ಅದನ್ನೇ ಒಲೆಗಿಡಿ. ಟೊಮೆಟೊದ ಹುಳಿ ಕಡಾಯಿಯಿಂದಲೂ ಒಂದಿಷ್ಟು ಕಬ್ಬಿಣವನ್ನು ಪಲ್ಯಕ್ಕೆ ಇಳಿಸುತ್ತದೆ. ಜೀರಿಗೆ, ಬೆಳ್ಳುಳ್ಳಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಹುರಿದು, ಹೆಚ್ಚಿದ ಬಟಾಟಿ, ಅರಿಷಿಣ, ಉಪ್ಪು ಹಾಕಿ, ಒಂದು ಬಟ್ಟಲು ನೀರು ಹೊಯ್ದು ಮುಚ್ಚಿ ಬೇಯಿಸಿ. ಟೊಮೆಟೊವನ್ನು ಈಗಲೇ ಹಾಕಬೇಡಿ. ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಕರಗದು, ಬಟಾಟಿ ಎಷ್ಟು ಹೊತ್ತಾದರೂ ಗಟ್ಟಿಯಾಗಿಯೇ ಉಳಿಯುತ್ತದೆ. 'ಬಟಾಟಿನ ಚಲೋ ಇಲ್ಲ' ಎಂದು ಅಂಗಡಿಯವನನ್ನು ಬೈಯುವ ಮನೆಗಳಲ್ಲಿ ಎಷ್ಟೋ ಸಲ ತಪ್ಪು ಟೊಮೆಟೊ ಹಾಕಿದ ಹೊತ್ತಿನದು. ಬಟಾಟಿ ಮೆತ್ತಗಾದ ಮೇಲೆ ಟೊಮೆಟೊ, ಖಾರ, ಶೇಂಗಾ ಪುಡಿ ಸೇರಿಸಿ ಐದು ನಿಮಿಷ ಕುದಿಸಿ.

ಪಾಲಕ್ ಬರಬೇಕಾದ್ದು ಕೊನೆಗೆ. ಇಡೀ ಎಲೆಗಳನ್ನು ಮೂರು ನೀರಿನಲ್ಲಿ ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ಜೀವಸತ್ವ 'ಸಿ' ಮತ್ತು ಫೋಲೇಟ್ ನೀರಿನ ಪಾಲು. ಕಡಾಯಿಗೆ ಹಾಕಿ ಮುಚ್ಚಳ ತೆರೆದಿಟ್ಟು ಮೂರ್ನಾಲ್ಕು ನಿಮಿಷ ಬಾಡಿಸಿದರೆ ಸಾಕು. ಮುಚ್ಚಳ ತೆರೆದಿಡುವುದೇಕೆ? ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತಿನ ನಡುವೆ ಮೆಗ್ನೀಶಿಯಂ ಕೂತಿದೆ. ಬೇಯುವಾಗ ಎಲೆಯಿಂದ ಹೊರಬರುವ ಆಮ್ಲಗಳು ಅದನ್ನು ಎಬ್ಬಿಸಿ ಆ ಜಾಗಕ್ಕೆ ಜಲಜನಕವನ್ನು ಕೂರಿಸುತ್ತವೆ, ಹಸಿರು ಕಂದಾಗುತ್ತದೆ. ಮುಚ್ಚಳ ತೆರೆದಿದ್ದರೆ ಅವುಗಳಲ್ಲಿ ಕೆಲವು ಹಬೆಯೊಂದಿಗೆ ಹೋಗುತ್ತವೆ. ಟೊಮೆಟೊ ಇರುವುದರಿಂದ ಒಂದಿಷ್ಟು ಬಣ್ಣ ಹೇಗೂ ಮಾಸುತ್ತದೆ, ಅದಕ್ಕೆ ಕೊರಗಬೇಕಿಲ್ಲ. ಹಸಿರು ಉಳಿಯಲೆಂದು ಸೋಡಾ ಹಾಕುವವರುಂಟು. ಬಣ್ಣ ಉಳಿಯುತ್ತದೆ, ಜೀವಸತ್ವ 'ಸಿ' ಹಾಳಾಗುತ್ತದೆ. ಕೊಟ್ಟು ಕಳೆದುಕೊಳ್ಳುವ ವ್ಯಾಪಾರ!

ಒಲೆ ಆರಿಸಿ, ಪಲ್ಯವನ್ನು ಬೇರೆ ಪಾತ್ರೆಗೆ ತೆಗೆಯಿರಿ. ನಿಂಬೆ ಹಿಂಡುವುದು ತಾಟಿಗೆ ಬಡಿಸಿದ ಮೇಲೆ, ಏಕೆಂದರೆ ಜೀವಸತ್ವ 'ಸಿ' ಕಾವಿಗೆ ತಡೆಯದು.

ಪಾಲಕ್ ತಿಂದಾಗ ಹಲ್ಲಿಗೆ ಸುಣ್ಣ ಹತ್ತಿದಂತೆ ಅನಿಸುವುದಿಲ್ಲವೇ? ಅದು ಆಕ್ಸಲೇಟ್. ಮೂತ್ರಪಿಂಡದಲ್ಲಿ ಕಲ್ಲು ಆದವರು ವೈದ್ಯರನ್ನು ಕೇಳಿಯೇ ಪಾಲಕ್ ತಿನ್ನಬೇಕು. ಕುದಿಸಿ ನೀರು ಚೆಲ್ಲಿದರೆ ಆಕ್ಸಲೇಟ್ ಸಾಕಷ್ಟು ಕಡಿಮೆಯಾಗುತ್ತದೆ, ಜೊತೆಗೆ ಒಳ್ಳೆಯದೂ ಹೋಗುತ್ತದೆ. ಆರೋಗ್ಯವಂತ ಮಕ್ಕಳಿರುವ ಮನೆಯಲ್ಲಿ ವಾರಕ್ಕೆರಡು ಸಲದ ಪಲ್ಯಕ್ಕೆ ಆ ಗೊಡವೆ ಬೇಡವೆಂದು ನನ್ನ ಎಣಿಕೆ.

ಇನ್ನು ಚಹಾ. ಉಂಡು ಕೈ ತೊಳೆಯುವಷ್ಟರಲ್ಲಿ ಕಪ್ಪು-ಬಸಿ ಮುಂದೆ ಬರುವುದು ನಮ್ಮ ಕಡೆಯ ಮರ್ಯಾದೆ. ಚಹಾದ ಟ್ಯಾನಿನ್ ಊಟದ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಮೈಗೆ ಸೇರುವುದು ಅರ್ಧಕ್ಕೂ ಕಡಿಮೆಯಾಗಬಹುದು. ಒಂದು ತಾಸು ತಡೆದು ಕುಡಿದರೆ ಮರ್ಯಾದೆಗೂ ಕುಂದಿಲ್ಲ.

ತಾಯಿ-ತಂದೆಯರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂದ ಮೇಲೆ ಪಲ್ಯವೊಂದರಿಂದ ಅದು ಏರುವುದಿಲ್ಲ. ಹತ್ತರಿಂದ ಹತ್ತೊಂಬತ್ತು ವರ್ಷದವರಿಗೆ ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ, ಜೊತೆಗೆ ಫೋಲಿಕ್ ಆಮ್ಲ. ಅದು ಬರದಂತೆ ತಡೆಯಲು. ಬಂದ ಮೇಲೆ ಎಷ್ಟು ಮಾತ್ರೆ, ಎಷ್ಟು ತಿಂಗಳು ಎಂಬುದನ್ನು ವೈದ್ಯರು ಹೇಳಬೇಕು. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ ಎಂದು ಹುಡುಗಿಯರು ಕಿಟಕಿಯಾಚೆ ಎಸೆಯುವುದುಂಟು. ಮಲ ಕಪ್ಪಗಾಗುವುದು ಮೈಗೆ ಸೇರದೆ ಉಳಿದ ಕಬ್ಬಿಣದಿಂದ, ಹೆದರಬೇಕಿಲ್ಲ. ಊಟವಾದ ಮೇಲೆ ನುಂಗಿದರೆ ತೊಳಸುವುದು ಕಡಿಮೆ. ಕೊಕ್ಕೆಹುಳ ಕರುಳಿನಲ್ಲಿ ಕೂತು ರಕ್ತ ಹೀರುತ್ತಿದ್ದರೆ ಮೇಲಿನಿಂದ ಎಷ್ಟು ತುಂಬಿದರೂ ತೂತು ಕೊಡವೇ. ಆದ್ದರಿಂದ ಜಂತುಹುಳುವಿನ ಮಾತ್ರೆಯೂ ತಪ್ಪಬಾರದು, ಹೊಲಕ್ಕೆ ಹೋಗುವಾಗ ಕಾಲಲ್ಲಿ ಚಪ್ಪಲಿಯೂ ಇರಬೇಕು.

ಅಡುಗೆಮನೆಯಲ್ಲಿ ಕೆಲಸ ನಡೆದಿರುವಾಗಲೇ ಮಕ್ಕಳು ಮಾಡಬಹುದಾದ ಪ್ರಯೋಗವೊಂದಿದೆ. ಮೂರು ಸ್ಟೀಲ್ ಬಟ್ಟಲುಗಳಲ್ಲಿ ಒಂದೇ ಅಳತೆಯ ಬಿಸಿನೀರು, ನಾಲ್ಕು ನಾಲ್ಕು ಪಾಲಕ್ ಎಲೆ. ಒಂದಕ್ಕೆ ಏನೂ ಬೇಡ, ಒಂದಕ್ಕೆ ಅರ್ಧ ನಿಂಬೆಯ ರಸ, ಮೂರನೆಯದಕ್ಕೆ ಚಿಟಿಕೆ ಅಡುಗೆ ಸೋಡಾ. ದೊಡ್ಡವರು ಪಕ್ಕದಲ್ಲಿರುವಾಗ ಮೂರನ್ನೂ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಎರಡೆರಡು ನಿಮಿಷಕ್ಕೊಮ್ಮೆ ಎಲೆಯ ಬಣ್ಣವನ್ನೂ ನೀರಿನ ಬಣ್ಣವನ್ನೂ ವಹಿಯಲ್ಲಿ ಬರೆದುಕೊಳ್ಳಿ. ಸೋಡಾದ ಎಲೆಯನ್ನು ಬೆರಳಿನಿಂದ ಒತ್ತಿ ನೋಡಿ, ಅದು ಯಾಕೆ ಅಷ್ಟು ಲೊಳಲೊಳ ಆಯಿತು ಎಂಬುದಕ್ಕೆ ಸುಳಿವು ಮೇಲೆ ಹೇಳಿದ ಬಟಾಟಿ-ಟೊಮೆಟೊ ಜಗಳದಲ್ಲೇ ಇದೆ.